ಸಾಕ್ಷಿಯಿಲ್ಲದ ಸಾಹಸ

ವಿಮಾನದ ಸದ್ದು ಕೇಳಿದೊಡನೆ ತಲೆಯೆತ್ತಿ ನೋಡದ ಬಾಲಕನನ್ನಾಗಲಿ ಬಾಲಿಕೆಯನ್ನಾಗಲಿ ನಾವು ಕಂಡಿಲ್ಲ. ಪುಣೆಯಲ್ಲಿ ನೆಲೆಸಿರುವ ನಮಗಂತೂ ಇದು ದಿನನಿತ್ಯದ ಅನುಭವ. ಲೋಹಗಾಂವ್ ನೆಲೆಯಿಂದ ಸುಖೋಯ್ ಯುದ್ಧವಿಮಾನವೊಂದು ಮೇಲೇರಿತೆಂದರೆ ಸಂಧಿ ಸಮಾಸಗಳ ಪಾಠ ಅರ್ಧಕ್ಕೇ ನಿಲ್ಲುತ್ತದೆ. ನಲವತ್ತು ಜೊತೆ ಕಣ್ಣುಗಳು ಕಿಟಕಿಯ ಕಡೆಗೆ ಹೊರಳುತ್ತವೆ. ಮುಂದೆ ಏನಾಗಬಯಸುವಿರಿ ಎಂದು ಆ ಹೊತ್ತಿನಲ್ಲಿ ಯಾರಾದರೂ ಕೇಳಿದರೆ, ತರಗತಿಯ ಅರ್ಧದಷ್ಟು ಮಕ್ಕಳು ಯುದ್ಧವೈಮಾನಿಕರಾಗುವುದಾಗಿ ಹೇಳಿಯಾರು. ಆ ಆಸೆ ತಪ್ಪಲ್ಲ. ಎಳೆಯ ವಯಸ್ಸಿನಲ್ಲಿ ಆಕಾಶವನ್ನು ಬಯಸದವನು ಮುಂದೆ ನೆಲದ ಮೇಲೂ ದೊಡ್ಡದೇನನ್ನೂ ಬಯಸಲಾರ.

ಆದರೆ ಆ ಆಸೆಯ ಒಳಗೆ ಏನಿದೆಯೆಂಬುದನ್ನು ಕೊಂಚ ಬಿಡಿಸಿ ನೋಡೋಣ. ವೇಗ, ಠೀವಿಯ ಸಮವಸ್ತ್ರ, ಎದೆಯ ಮೇಲೆ ಪದಕ, ಗಣರಾಜ್ಯೋತ್ಸವದ ದಿನ ದೆಹಲಿಯ ಆಕಾಶದಲ್ಲಿ ಸಾಲುಗಟ್ಟಿ ಹಾರುವ ವಿಮಾನಗಳು, ಕೆಳಗೆ ಚಪ್ಪಾಳೆ ತಟ್ಟುವ ಲಕ್ಷಾಂತರ ಜನ. ನಮ್ಮ ಕಲ್ಪನೆಯ ವೈಮಾನಿಕನನ್ನು ಯಾವಾಗಲೂ ಯಾರಾದರೂ ನೋಡುತ್ತಿರುತ್ತಾರೆ. ಆದರೆ ನಿಜವಾದ ವೈಮಾನಿಕನು ಯುದ್ಧದ ಕಾಲದಲ್ಲಿ ಬಹುಮಟ್ಟಿಗೆ ಒಂಟಿ. ಅವನ ಸಾಹಸವನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲದಿರಬಹುದು. ಕಂಡವನೊಬ್ಬನಿದ್ದರೆ ಅವನು ಶತ್ರುವೇ ಆಗಿರಬಹುದು. ಸಾಹಸಕ್ಕೆ ಸಾಕ್ಷಿ ಬೇಕಿಲ್ಲ. ಆದರೆ ಸಾಕ್ಷಿಯನ್ನು ಹುಡುಕಿ ತೆಗೆದು ಬರೆದಿಡುವುದು ಉಳಿದವರಾದ ನಮ್ಮ ಕರ್ತವ್ಯ. ಈ ಮಾತನ್ನು ನಾವು ಕನ್ನಡ ನಾಡಿನವರೇ ಆದ ಒಬ್ಬ ವೈಮಾನಿಕರ ಜೀವನದಿಂದ ಸಮರ್ಥಿಸಬಯಸುತ್ತೇವೆ. ಅವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ಮೊದಲು ಆ ವೃತ್ತಿಯ ವಿಷಯವಾಗಿ ಕೆಲವು ಮಾತುಗಳನ್ನು ಹೇಳುವುದು ಅವಶ್ಯ. ಯುದ್ಧವೈಮಾನಿಕನ ಕೆಲಸವು ಬರಿಯ ಧೈರ್ಯದ ಕೆಲಸವೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಅದು ಗಣಿತದ ಕೆಲಸ, ದೇಹದಂಡನೆಯ ಕೆಲಸ, ಅದಕ್ಕಿಂತ ಮಿಗಿಲಾಗಿ ಶಿಸ್ತಿನ ಕೆಲಸ. ವಿಮಾನವು ಅತಿ ವೇಗದಲ್ಲಿ ಥಟ್ಟನೆ ತಿರುಗಿದಾಗ ವೈಮಾನಿಕನ ದೇಹದ ಭಾರ ಆರು ಏಳು ಪಟ್ಟು ಹೆಚ್ಚಾದಂತೆ ಆಗುತ್ತದೆ. ಅರವತ್ತು ಕಿಲೋ ತೂಗುವ ಮನುಷ್ಯನಿಗೆ ತಾನು ಮುನ್ನೂರ ಅರವತ್ತು ಕಿಲೋ ಆದೆನೆಂಬಂತೆ ಭಾಸವಾಗುತ್ತದೆ. ರಕ್ತವು ತಲೆಯಿಂದ ಕಾಲಿನ ಕಡೆಗೆ ಇಳಿಯತೊಡಗಿ ಕಣ್ಣಿಗೆ ಮಂಜು ಕವಿಯುತ್ತದೆ. ಇನ್ನೂ ಹೆಚ್ಚಿದರೆ ಪ್ರಜ್ಞೆಯೇ ತಪ್ಪುತ್ತದೆ. ಇದನ್ನು ತಡೆಯಲು ಹೊಟ್ಟೆ ಮತ್ತು ಕಾಲುಗಳನ್ನು ಬಿಗಿದು ಹಿಡಿಯುವ ವಿಶೇಷವಾದ ಉಡುಪುಂಟು. ಉಸಿರು ಹಿಡಿದು ಸ್ನಾಯುಗಳನ್ನು ಬಿಗಿಯುವ ಅಭ್ಯಾಸವುಂಟು. ಇಂಥ ಸ್ಥಿತಿಯಲ್ಲಿಯೂ ಅವನು ಇಂಧನವೆಷ್ಟು ಉಳಿದಿದೆ, ನೆಲೆಯು ಎಷ್ಟು ದೂರವಿದೆ, ಜೊತೆಗಾರನು ಎಲ್ಲಿದ್ದಾನೆ ಎಂಬ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡುತ್ತಿರಬೇಕು. ವೈಮಾನಿಕರ ದೇಹವು ಈ ಒತ್ತಡವನ್ನು ಹೇಗೆ ತಾಳುತ್ತದೆಂಬುದನ್ನು ಪರೀಕ್ಷಿಸುವ, ಅಭ್ಯಾಸ ಮಾಡಿಸುವ ವಾಯುದಳದ ವೈದ್ಯಕೀಯ ಸಂಸ್ಥೆಯು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಯುದ್ಧವೈಮಾನಿಕರಾಗುವವರು ಹಾಕ್ ಎಂಬ ಜೆಟ್ ವಿಮಾನದಲ್ಲಿ ತರಬೇತಿ ಪಡೆಯುವುದು ನಮ್ಮ ಬೀದರಿನಲ್ಲಿ. ಕನ್ನಡ ನಾಡಿಗೂ ಈ ವೃತ್ತಿಗೂ ಇರುವ ನಂಟು ಕೇವಲ ಅಭಿಮಾನದ ಮಾತಲ್ಲ.

ದೇವಯ್ಯನವರು ಹುಟ್ಟಿದ್ದು ೧೯೩೨ರ ಡಿಸೆಂಬರ್ ೨೪ರಂದು. ೧೯೫೪ರಲ್ಲಿ ವಾಯುದಳದ ಅಧಿಕಾರಿಯಾದರು. ೧೯೬೫ರಲ್ಲಿ ಯುದ್ಧ ಪ್ರಾರಂಭವಾಗುವ ಸಮಯಕ್ಕೆ ಅವರು ವಾಯುದಳದ ಹಾರಾಟ ವಿದ್ಯಾಲಯದಲ್ಲಿ ಶಿಕ್ಷಕರಾಗಿದ್ದರು. ಈ ಸಂಗತಿಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶಿಕ್ಷಕನ ಕೆಲಸವೇ ಹಾಗೆ: ಅವನು ಕಲಿಸಿದವರು ಹಾರಿ ಹೋಗುತ್ತಾರೆ, ಅವನು ನೆಲದಲ್ಲಿ ಉಳಿಯುತ್ತಾನೆ, ಗೆಲವು ಶಿಷ್ಯರದಾಗುತ್ತದೆ. ಯುದ್ಧ ಬಂದಾಗ ಆ ಶಿಕ್ಷಕರಿಗೂ ಕರೆ ಬಂತು. ಅವರು ವಾಯುದಳದ ಒಂದನೆಯ ಸ್ಕ್ವಾಡ್ರನ್ನಿಗೆ, ಪಂಜಾಬಿನ ಆದಂಪುರ ನೆಲೆಗೆ ಬಂದು ಸೇರಿದರು. ಆಗ ಅವರ ವಯಸ್ಸು ಮೂವತ್ತೆರಡು.

ಸಪ್ಟೆಂಬರ್ ೬ರಂದು ನಮ್ಮ ಸೇನೆಯು ಲಾಹೋರಿನ ದಿಕ್ಕಿನಲ್ಲಿ ಗಡಿಯನ್ನು ದಾಟಿತು. ಅಂದು ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಎರಗಿದವು. ಪಠಾಣಕೋಟೆಯಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳು ಸುಟ್ಟುಹೋದವು. ಮರುದಿನ ಬೆಳಗಿನ ಜಾವಕ್ಕೆ ಪ್ರತೀಕಾರದ ದಾಳಿಯೆಂದು ನಿಶ್ಚಯವಾಯಿತು. ಗುರಿಯು ಸರಗೋಧಾ, ಶತ್ರುವಿನ ಅತ್ಯಂತ ಬಲವಾದ ವಿಮಾನ ನೆಲೆ. ಆದಂಪುರದಿಂದ ಅದು ಸುಮಾರು ೩೦೦ ಕಿಲೋಮೀಟರ್ ದೂರ. ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ವಿಮಾನಗಳು ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿ, ಅಷ್ಟು ದೂರ ಹೋಗಿ ದಾಳಿ ನಡೆಸಿ ಹಿಂತಿರುಗಬೇಕೆಂದರೆ ಇಂಧನವು ಹೆಚ್ಚು ಕಡಿಮೆ ಕೊನೆಯ ಹನಿಯವರೆಗೂ ಲೆಕ್ಕದ್ದೇ. ದಾರಿಯಲ್ಲಿ ಕಾದಾಟಕ್ಕೆ ನಿಂತವನು ಮನೆಗೆ ಮರಳುವ ಆಸೆಯನ್ನು ಬಿಡಬೇಕು.

ಹನ್ನೆರಡು ವಿಮಾನಗಳು ಹೋಗತಕ್ಕದ್ದೆಂದು ಗೊತ್ತಾಗಿತ್ತು. ದಂಡನಾಯಕರು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಮೀಸಲಿನಲ್ಲಿದ್ದವರು. ಯಾರದಾದರೂ ವಿಮಾನ ಕೆಟ್ಟರೆ ಅವರ ಜಾಗ ತುಂಬಲು ಸಿದ್ಧರಾಗಿರಬೇಕು, ಇಲ್ಲವಾದರೆ ಸುಮ್ಮನಿರಬೇಕು. ಶಾಲೆಯ ಕಬಡ್ಡಿ ತಂಡದಲ್ಲಿ ಮೀಸಲು ಆಟಗಾರನಾದುದಕ್ಕೆ ಎರಡು ದಿನ ಊಟ ಬಿಟ್ಟ ಹುಡುಗರನ್ನು ನಾವು ನೋಡಿದ್ದೇವೆ. ಅಂಥವರು ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಮೀಸಲಿನವನ ಸಿದ್ಧತೆ ಮುಂದಿನ ಸಾಲಿನವನ ಸಿದ್ಧತೆಗಿಂತ ಒಂದು ಎಳೆಯಷ್ಟೂ ಕಡಿಮೆಯಿರಕೂಡದು. ಅದೇ ದಾರಿಯ ನಕಾಶೆಯನ್ನು ಅವನೂ ಬಾಯಿಪಾಠ ಮಾಡಬೇಕು. ಅದೇ ನಸುಕಿನಲ್ಲಿ ಅವನೂ ಎದ್ದು ಸಜ್ಜಾಗಬೇಕು. ಕರೆ ಬಂದೀತೆಂಬ ಭರವಸೆಯಿಲ್ಲದೆ ಪೂರ್ಣವಾಗಿ ಸಿದ್ಧನಾಗಿರುವುದು ಕರೆ ಬಂದು ಹೊರಡುವುದಕ್ಕಿಂತ ಕಷ್ಟದ ತಪಸ್ಸು. ಅಂದು ಹನ್ನೆರಡರಲ್ಲಿ ಒಂದು ವಿಮಾನ ಹಿಂದುಳಿಯಿತು. ಆ ತೆರವಾದ ಸ್ಥಾನವನ್ನು ದೇವಯ್ಯನವರು ತುಂಬಿದರು.

ದಾಳಿ ಮುಗಿದು ನಮ್ಮ ವಿಮಾನಗಳು ಹಿಂತಿರುಗುತ್ತಿದ್ದಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿ ಬಂತು. ಅದನ್ನು ನಡೆಸುತ್ತಿದ್ದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅಮೆರಿಕದಲ್ಲಿ ತಯಾರಾದ ಆ ವಿಮಾನವು ಶಬ್ದದ ವೇಗಕ್ಕೆ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ನಮ್ಮ ಮಿಸ್ಟೇರ್ ಸಮನೆಯ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಸ್ಟಾರ್‌ಫೈಟರಿನಲ್ಲಿ ಕ್ಷಿಪಣಿಗಳಿದ್ದವು, ಮಿಸ್ಟೇರಿನಲ್ಲಿ ವಿಮಾನಗಳೊಡನೆ ಹೋರಾಡಲು ಇದ್ದುದು ಎರಡು ಫಿರಂಗಿಗಳು ಮಾತ್ರ. ದೇವಯ್ಯನವರ ವಿಮಾನಕ್ಕೆ ಗುಂಡುಗಳು ತಗುಲಿದವು. ಘಾಸಿಗೊಂಡ ವಿಮಾನ, ಕರಗುತ್ತಿರುವ ಇಂಧನ, ಮುಂದೆ ಗಡಿಯ ಕಡೆಗೆ ಸಾಗುತ್ತಿರುವ ಸಂಗಡಿಗರು, ಬೆನ್ನ ಹಿಂದೆ ತನಗಿಂತ ಎರಡು ಪಟ್ಟು ವೇಗದ ವೈರಿ. ದೇವಯ್ಯನವರು ತಿರುಗಿ ನಿಂತರು. ಇಬ್ಬರೂ ನೆಲಕ್ಕೆ ಸಮೀಪದಲ್ಲಿಯೇ ಸುತ್ತಿ ಸುತ್ತಿ ಕಾದಿದರು. ವೇಗದಲ್ಲಿ ಹೆಚ್ಚಿನದಾದ ಸ್ಟಾರ್‌ಫೈಟರ್ ಇಕ್ಕಟ್ಟಿನ ತಿರುವುಗಳಲ್ಲಿ ಮಿಸ್ಟೇರಿಗೆ ಸಮನಲ್ಲ. ಅದು ಯಂತ್ರದ ಗುಣ. ಆ ಗುಣವನ್ನು ಅರಿತು ಬಳಸಿದ್ದು ಶಿಕ್ಷಕರಾಗಿದ್ದವರ ವಿದ್ಯೆ. ದೇವಯ್ಯನವರ ಫಿರಂಗಿಯ ಏಟಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿಕೊಂಡನು. ದೇವಯ್ಯನವರು ಮರಳಲಿಲ್ಲ.

ಇದಿಷ್ಟನ್ನು ಇಂದು ನಾವು ಬರೆಯುತ್ತಿದ್ದೇವೆ. ಆದರೆ ಅಂದು ಇದರಲ್ಲಿ ಒಂದಕ್ಷರವೂ ನಮ್ಮವರಿಗೆ ತಿಳಿದಿರಲಿಲ್ಲ. ಮುಂದೆ ಸಾಗಿದ್ದ ಸಂಗಡಿಗರು ಹಿಂದೆ ನಡೆದುದನ್ನು ಕಾಣಲಿಲ್ಲ. ಎಣಿಕೆ ಹಾಕಿದಾಗ ಒಬ್ಬರು ಬಂದಿರಲಿಲ್ಲ, ಅಷ್ಟೇ. ಕಾಗದಪತ್ರಗಳಲ್ಲಿ ದೇವಯ್ಯನವರ ಹೆಸರಿನ ಎದುರಿಗೆ ಕಾಣೆಯಾದವರು ಎಂಬ ಮಾತು ಬಿತ್ತು. ಕಾಲ ಕಳೆದ ಮೇಲೆ ಮಡಿದಿರಬೇಕೆಂದು ತೀರ್ಮಾನವಾಯಿತು. ಗಡಿಯಾಚೆಯ ಹಳ್ಳಿಯ ಜನ ಅವರ ದೇಹವನ್ನು ಕಂಡು ಮಣ್ಣು ಮಾಡಿದ್ದರು. ಅದೂ ಇಲ್ಲಿಯವರಿಗೆ ತಿಳಿಯದು. ಕೊಡಗಿನ ಒಂದು ಮನೆಯಲ್ಲಿ ಕಾಣೆಯಾದವರು ಎಂಬ ಮಾತಿನ ಅರ್ಥವೇನೆಂಬುದನ್ನು ನಾವು ಇಲ್ಲಿ ಕುಳಿತು ವರ್ಣಿಸುವುದು ಉಚಿತವಲ್ಲ. ಸತ್ತವರಿಗೆ ಅಳಬಹುದು, ಕಾಣೆಯಾದವರಿಗೆ ಬಾಗಿಲು ತೆರೆದೇ ಇಡಬೇಕಾಗುತ್ತದೆ.

ಸತ್ಯವು ಹೊರಬಿದ್ದುದು ಶತ್ರುವಿನ ಕಡೆಯಿಂದ. ಪಾಕಿಸ್ತಾನದ ವಾಯುದಳದ ನೆರವಿನಿಂದ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನು ಆ ಯುದ್ಧದ ಇತಿಹಾಸವನ್ನು ಬರೆದು ೧೯೭೯ರಲ್ಲಿ ಪ್ರಕಟಿಸಿದನು. ಮಿಸ್ಟೇರ್ ವಿಮಾನವೊಂದು ತಿರುಗಿಬಿದ್ದು ಸ್ಟಾರ್‌ಫೈಟರನ್ನು ಉರುಳಿಸಿದ ಕಥೆ ಅದರಲ್ಲಿತ್ತು. ಆ ಮಿಸ್ಟೇರ್ ಯಾರದು? ಆ ದಿನ ಆ ದಾಳಿಯಿಂದ ಮರಳದವರು ಯಾರು ಎಂದು ಲೆಕ್ಕ ಹಾಕಿದಾಗ ಉತ್ತರವು ತಾನಾಗಿಯೇ ದೊರಕಿತು. ದಂಡನಾಯಕರಾಗಿದ್ದ ತನೇಜಾ ಅವರು ಸುಮ್ಮನೆ ಕೂಡಲಿಲ್ಲ. ಸಂಬಂಧಪಟ್ಟವರಿಗೆ ಬರೆದು ತಮ್ಮ ಸಂಗಡಿಗನಿಗೆ ಸಲ್ಲಬೇಕಾದ ಮನ್ನಣೆಗಾಗಿ ಒತ್ತಾಯಿಸಿದರು. ೧೯೮೮ರಲ್ಲಿ, ಘಟನೆಯು ನಡೆದು ೨೩ ವರ್ಷಗಳಾದ ಮೇಲೆ, ಭಾರತ ಸರ್ಕಾರವು ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧಕಾಲದ ಶೌರ್ಯಕ್ಕೆ ಸಲ್ಲುವ ಪ್ರಶಸ್ತಿಗಳಲ್ಲಿ ಅದು ಎರಡನೆಯದು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯ ವೃತ್ತವೊಂದಕ್ಕೆ ಈಗ ಅವರ ಹೆಸರಿದೆ.

ಇಲ್ಲಿ ಒಂದು ಆಕ್ಷೇಪವನ್ನು ಕೆಲವರು ಎತ್ತುವುದುಂಟು. ಸತ್ತವನಿಗೆ ಇಪ್ಪತ್ತಮೂರು ವರ್ಷಗಳ ಮೇಲೆ ಪದಕವನ್ನು ಕೊಟ್ಟರೇನು, ಬಿಟ್ಟರೇನು? ಅವನು ಪದಕಕ್ಕಾಗಿ ಹೋರಾಡಿದನೆ? ಈ ಪ್ರಶ್ನೆಯ ಎರಡನೆಯ ಭಾಗಕ್ಕೆ ನಮ್ಮ ಒಪ್ಪಿಗೆಯಿದೆ. ಯಾರೂ ಕಾಣದ ಆಕಾಶದಲ್ಲಿ ತಿರುಗಿ ನಿಂತವನ ಮನಸ್ಸಿನಲ್ಲಿ ಪದಕದ ಯೋಚನೆಗೆ ಎಡೆಯಿರದು. ಆದರೆ ಮೊದಲನೆಯ ಭಾಗವನ್ನು ನಾವು ಒಪ್ಪಲಾರೆವು. ಮನ್ನಣೆಯು ಸತ್ತವನಿಗಾಗಿ ಅಲ್ಲ, ಬದುಕಿರುವವರಿಗಾಗಿ. ತಾನು ತೆತ್ತ ಬೆಲೆಯನ್ನು ಈ ನಾಡು ಲೆಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತದೆಂಬ ನಂಬಿಕೆಯು ಸೈನಿಕನ ಮನೆಯವರಿಗೆ ಇರಬೇಕು. ಬರೆದಿಡದ ನಾಡು ಕ್ರೂರವಾಗಬೇಕೆಂದಿಲ್ಲ, ಮರೆತರೆ ಸಾಕು; ಮರೆವೇ ಕ್ರೌರ್ಯದ ಕೆಲಸವನ್ನು ಮಾಡಿ ಮುಗಿಸುತ್ತದೆ.

ಹೋಲಿಕೆಗಾಗಿ ಇನ್ನೊಬ್ಬರನ್ನು ನೆನೆಯೋಣ. ೧೯೭೧ರ ಡಿಸೆಂಬರ್ ೧೪ರಂದು ಶ್ರೀನಗರದ ಮೇಲೆ ಶತ್ರುವಿನ ಆರು ಸೇಬರ್ ವಿಮಾನಗಳು ಎರಗಿದಾಗ ಫ್ಲೈಯಿಂಗ್ ಆಫೀಸರ್ ನಿರ್ಮಲಜಿತ್ ಸಿಂಗ್ ಸೇಖೋನ್ ತಮ್ಮ ಪುಟ್ಟ ನ್ಯಾಟ್ ವಿಮಾನದಲ್ಲಿ ಮೇಲೇರಿ ಹೋರಾಡಿ ಮಡಿದರು. ಅವರಿಗೆ ಪರಮವೀರ ಚಕ್ರ ಸಂದಿತು. ವಾಯುದಳದಲ್ಲಿ ಅದನ್ನು ಪಡೆದವರು ಅವರೊಬ್ಬರೇ. ಸೇಖೋನರು ತಮ್ಮ ನೆಲೆಯ ಮೇಲೆಯೇ ಹೋರಾಡಿದ್ದರಿಂದ ಆ ಹೋರಾಟವನ್ನು ತಿಳಿದು ಹೇಳುವವರು ಹತ್ತಿರದಲ್ಲಿದ್ದರು. ದೇವಯ್ಯನವರು ಶತ್ರುವಿನ ನೆಲದ ಮೇಲೆ ಒಬ್ಬರೇ ಇದ್ದರು. ಇಬ್ಬರ ಎದೆಗಾರಿಕೆಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮ ಉದ್ದೇಶವಲ್ಲ, ತೂಗತಕ್ಕದ್ದೂ ಅಲ್ಲ. ನೋಡುವವರಿದ್ದರು, ಇರಲಿಲ್ಲವೆಂಬ ಒಂದು ಕಾರಣದಿಂದಲೇ ಮನ್ನಣೆಗೆ ಇಪ್ಪತ್ತಮೂರು ವರ್ಷಗಳ ಅಂತರ ಬೀಳಬಹುದೆಂಬುದನ್ನು ಮಾತ್ರ ತೋರಿಸಬಯಸುತ್ತೇವೆ.

ವೈರಿಯ ವಿಷಯವಾಗಿಯೂ ಒಂದು ಮಾತು. ಅಮ್ಜದ್ ಹುಸೇನ್ ತನ್ನನ್ನು ಉರುಳಿಸಿದವನ ಕಥೆಯನ್ನು ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ. ಮುಂದೆ ೧೯೭೧ರ ಯುದ್ಧದಲ್ಲಿ ಆತನ ವಿಮಾನವನ್ನು ಅಮೃತಸರದ ಬಳಿ ನಮ್ಮವರು ಹೊಡೆದುರುಳಿಸಿದರು. ಆತ ನಮ್ಮಲ್ಲಿ ಯುದ್ಧಕೈದಿಯಾಗಿದ್ದನು. ಸತ್ತ ಶತ್ರುವಿನ ದೇಹಕ್ಕೆ ಮಣ್ಣು ಕೊಟ್ಟ ಹಳ್ಳಿಯವರೂ ಆ ದೇಶದವರೇ. ದೇಶಾಭಿಮಾನವೆಂದರೆ ಎದುರಿನವನನ್ನು ರಾಕ್ಷಸನೆಂದು ಬಗೆಯುವುದಲ್ಲ. ಎದುರಿನವನ ಸತ್ಯವಂತಿಕೆಯಿಂದಲೇ ನಮ್ಮ ವೀರನು ನಮಗೆ ದೊರಕಿದನೆಂಬುದನ್ನು ನೆನೆದರೆ ಬಾಯಿ ತಾನಾಗಿಯೇ ಮೆತ್ತಗಾಗುತ್ತದೆ.

ಈಚೆಗೆ, ೨೦೨೫ರಲ್ಲಿ, ಈ ಸರಗೋಧಾ ದಾಳಿಯ ಕಥೆಯನ್ನು ಆಧರಿಸಿ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರವು ಬಂದಿತು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ನೋಡಿರಬಹುದು. ಚಿತ್ರವನ್ನು ನಾವು ಹಳಿಯುವುದಿಲ್ಲ; ಮರೆತವರಿಗೆ ಅದು ನೆನಪು ಮಾಡಿಕೊಟ್ಟಿತು. ಆದರೆ ಅದರಲ್ಲಿ ವೀರನ ಹೆಸರೇ ಬೇರೆ. ಚಿತ್ರ ನೋಡಿ ಕಣ್ಣೀರು ಸುರಿಸಿದವನು ಮನೆಗೆ ಬಂದು ದೇವಯ್ಯ ಎಂಬ ಹೆಸರನ್ನೇ ಅರಿಯದಿದ್ದರೆ ಆ ಕಣ್ಣೀರು ಯಾರಿಗೆ ಸಂದಿತು? ಕಥೆಯು ರಂಜಿಸಲಿ, ಅದರ ಬೆನ್ನಿಗೆ ಚರಿತ್ರೆಯನ್ನು ತೆರೆದು ಓದುವ ಅಭ್ಯಾಸವೂ ಇರಲಿ.

ಇನ್ನು, ನಮ್ಮ ಮಕ್ಕಳಲ್ಲಿ ನಿಜವಾಗಿಯೂ ಈ ದಾರಿಯನ್ನು ಹಿಡಿಯಬಯಸುವವರಿಗೆ ಎರಡು ಮಾತು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದೆಲ್ಲ ದಕ್ಕದೆಂದು ಮನೆಯ ಹಿರಿಯರೇ ಹೇಳುವುದನ್ನು ಕೇಳಿದ್ದೇವೆ. ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಪರಸ್ಥಳಕ್ಕೆ ಬಂದ ನಾವು ಆ ಭಯವನ್ನು ಬಲ್ಲೆವು. ಆದುದರಿಂದಲೇ ಅದನ್ನು ಒಪ್ಪಲಾರೆವು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯು ಇದೇ ಪುಣೆಯ ಖಡಕವಾಸ್ಲಾದಲ್ಲಿದೆ. ಅದರ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಅದರಲ್ಲಿ ಇಂಗ್ಲಿಷ್ ಭಾಷೆಯ ಪರೀಕ್ಷೆಯೂ ಉಂಟು. ಅದನ್ನು ಮರೆಮಾಚಿ ನಿಮ್ಮನ್ನು ಹುರಿದುಂಬಿಸುವುದು ಮೋಸ. ಇಂಗ್ಲಿಷನ್ನು ಶ್ರಮವಹಿಸಿ ಕಲಿಯಿರಿ. ಆದರೆ ವಾಯುದಳವು ಕೇಳುವ ಗಣಿತವೂ ಭೌತಶಾಸ್ತ್ರವೂ ಯಾವ ಭಾಷೆಯ ಸ್ವತ್ತೂ ಅಲ್ಲ. ಕನ್ನಡದಲ್ಲಿ ಚೆನ್ನಾಗಿ ಅರ್ಥವಾದ ನ್ಯೂಟನ್ನನ ನಿಯಮವು ಇಂಗ್ಲಿಷಿನಲ್ಲಿ ಬಾಯಿಪಾಠವಾದ ನಿಯಮಕ್ಕಿಂತ ಆಕಾಶದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೆಣ್ಣುಮಕ್ಕಳಿಗೆ ಈ ಬಾಗಿಲು ಮುಚ್ಚಿದೆಯೆಂಬ ಕಾಲವೂ ಹೋಯಿತು. ೨೦೧೬ರ ಜೂನಿನಲ್ಲಿ ಹೈದರಾಬಾದಿನ ಬಳಿಯ ದುಂಡಿಗಲ್ಲಿನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ತರುಣಿಯರು ಯುದ್ಧವಿಮಾನಗಳ ವಿಭಾಗಕ್ಕೆ ಮೊಟ್ಟಮೊದಲ ಮಹಿಳೆಯರಾಗಿ ಸೇರಿದರು; ೨೦೨೨ರಿಂದ ಖಡಕವಾಸ್ಲಾದ ಅಕಾಡೆಮಿಗೂ ಹೆಣ್ಣುಮಕ್ಕಳು ಸೇರುತ್ತಿದ್ದಾರೆ.

ಆದರೆ ಎಲ್ಲರೂ ವೈಮಾನಿಕರಾಗಲಾರರು, ಆಗಬೇಕಾದುದೂ ಇಲ್ಲ. ಎಲ್ಲರೂ ಮಾಡಬಹುದಾದ ಒಂದು ಕೆಲಸವುಂಟು. ಅದು ಸಾಕ್ಷಿಯಾಗುವ ಕೆಲಸ. ಈ ನಗರವು ಸೈನಿಕರ ನಗರ. ಸೇನೆಯಲ್ಲಿ, ಮದ್ದುಗುಂಡಿನ ಕಾರ್ಖಾನೆಗಳಲ್ಲಿ, ವಿಮಾನ ನೆಲೆಯ ದುರಸ್ತಿ ಶಾಲೆಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ನಮ್ಮ ಸುತ್ತಲೂ ಇದ್ದಾರೆ. ನಿಮ್ಮ ಅಜ್ಜ, ದೊಡ್ಡಪ್ಪ, ಸೋದರಮಾವಂದಿರಲ್ಲಿಯೇ ಒಬ್ಬರಿರಬಹುದು. ಅವರು ತಾವಾಗಿ ಹೇಳಿಕೊಳ್ಳುವವರಲ್ಲ. ಮುಂದಿನ ವರ್ಷದ ಈ ಸಂಚಿಕೆಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂಥ ಒಬ್ಬ ಹಿರಿಯರ ಬಳಿ ಕುಳಿತು, ಅವರು ಮಾಡಿದ ಕೆಲಸವನ್ನು ಊರು, ವರ್ಷ, ಹೆಸರುಗಳ ಸಮೇತ ಕೇಳಿ, ಕನ್ನಡದಲ್ಲಿ ಎರಡು ಪುಟ ಬರೆದು ತರಬೇಕೆಂದು ನಾವು ಕೋರುತ್ತೇವೆ. ಉತ್ಪ್ರೇಕ್ಷೆ ಬೇಡ, ಅಲಂಕಾರ ಬೇಡ. ಕೇಳಿದುದನ್ನು ಕೇಳಿದಂತೆಯೇ ಬರೆಯಿರಿ. ಗೊತ್ತಿಲ್ಲದ ಕಡೆ ಮತ್ತೊಮ್ಮೆ ಹೋಗಿ ಕೇಳಿರಿ.

ದೇವಯ್ಯನವರ ಕಥೆಯನ್ನು ನಮಗೆ ತಲಪಿಸಲು ವೈರಿಯ ಬಾಯಿ, ಪರದೇಶದವನ ಲೇಖನಿ, ಸಂಗಡಿಗನೊಬ್ಬನ ಛಲ ಈ ಮೂರೂ ಕೂಡಬೇಕಾಯಿತು. ಇಪ್ಪತ್ತಮೂರು ವರ್ಷ ಹಿಡಿಯಿತು. ನಮ್ಮ ನೆರೆಮನೆಯ ಹಿರಿಯರ ಕಥೆಗೆ ಅಷ್ಟೆಲ್ಲ ಬೇಕಾಗಿಲ್ಲ. ಒಂದು ಸಂಜೆ, ಒಂದು ನೋಟುಬುಕ್ಕು, ಕೇಳಿಸಿಕೊಳ್ಳುವ ತಾಳ್ಮೆ ಇಷ್ಟಿದ್ದರೆ ಸಾಕು. ಆ ಕೆಲಸವನ್ನು ಈ ರಜೆಯಲ್ಲಿಯೇ ಪ್ರಾರಂಭಿಸಿರಿ.